ಕಾಲುವೆಯ ದಡದಲ್ಲಿ ಒಂದು ಹಗಲು
(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ವೈದ್ಯರನ್ನು ಭಾಷಣಕ್ಕೆ ಕರೆದರೆ ರಕ್ತದೊತ್ತಡ, ಕೊಲೆಸ್ಟರಾಲ್‌ಗಳ ಉಪದೇಶ ತಪ್ಪದೆಂಬ ಭಯ ತಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಇಂದು ನಾವು ಹೇಳಹೊರಟಿರುವುದು ಒಂದು ಕಾಲ್ನಡಿಗೆಯ ಕಥೆ. ಆದರೆ ಅದರೊಳಗೂ ವೈದ್ಯಕೀಯ ನುಸುಳಿಕೊಂಡಿದೆ. ಅದೂ ನಮ್ಮದೇ ತಪ್ಪಿನ ರೂಪದಲ್ಲಿ.

ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಿಂದ ಮೇರಿಲ್ಯಾಂಡಿನ ಕಂಬರ್‌ಲ್ಯಾಂಡಿನವರೆಗೆ, ಪೊಟೊಮ್ಯಾಕ್ ನದಿಯ ಪಕ್ಕದಲ್ಲೇ 184.5 ಮೈಲಿ ಉದ್ದದ ಚೆಸಪೀಕ್-ಒಹಾಯೊ ಕಾಲುವೆಯಿದೆ. ಹೇಸರಗತ್ತೆಗಳು ದಡದ ಮೇಲೆ ನಡೆಯುತ್ತ, ಹಗ್ಗ ಕಟ್ಟಿದ ಕಲ್ಲಿದ್ದಲಿನ ದೋಣಿಗಳನ್ನು ಎಳೆಯುತ್ತಿದ್ದ ದಾರಿಯೇ ಇಂದಿನ ಕಾಲುದಾರಿ. ಮಂಡ್ಯದ ಕಡೆ ನಾಲೆಯ ಏರಿಯ ಮೇಲೆ ನಡೆದವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ.

1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಈ ಕಾಲುವೆಗೆ ಗುದ್ದಲಿ ಹಾಕಿದರು. ಅದೇ ದಿನ ಬಾಲ್ಟಿಮೋರಿನಲ್ಲಿ ರೈಲುಮಾರ್ಗದ ಕೆಲಸವೂ ಆರಂಭವಾಯಿತು. ರೈಲು 1842ರಲ್ಲೇ ಕಂಬರ್‌ಲ್ಯಾಂಡ್ ತಲುಪಿತು. ಕಾಲುವೆ ತಲುಪಿದ್ದು 1850ರಲ್ಲಿ. ಒಹಾಯೊ ನದಿಯನ್ನು ಅದು ಮುಟ್ಟಲೇ ಇಲ್ಲ. 1924ರ ಪ್ರವಾಹದೊಡನೆ ದೋಣಿಗಳ ಸಂಚಾರ ನಿಂತಿತು. ಮುಂದೆ ಇದರ ಮೇಲೆ ಮೋಟಾರು ರಸ್ತೆ ಹಾಯಿಸುವ ಯೋಜನೆ ಬಂದಾಗ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರು ಅದನ್ನು ಬೆಂಬಲಿಸಿದ ಪತ್ರಿಕೆಯ ಸಂಪಾದಕರನ್ನೇ ತಮ್ಮೊಡನೆ ನಡೆದು ನೋಡಲು ಕರೆದರು. 1954ರ ಮಾರ್ಚಿನಲ್ಲಿ ನಡೆದ ಆ ಯಾತ್ರೆಯಲ್ಲಿ ಪೂರ್ತಿ ದೂರ ಕ್ರಮಿಸಿದವರು ಒಂಬತ್ತೇ ಮಂದಿ. ಆದರೂ ದಾರಿ ಉಳಿಯಿತು. 1971ರಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ಕೊನೆಯಲ್ಲಿ, ನಾವು ನಾಲ್ವರು ಈ ದಾರಿ ಹಿಡಿದೆವು: ನಾವು, ನಮ್ಮ ಶ್ರೀಮತಿಯವರು, ಇನ್ನೊಬ್ಬ ವೈದ್ಯಮಿತ್ರರು ಹಾಗೂ ಇಂಜಿನಿಯರ್ ಸ್ನೇಹಿತರೊಬ್ಬರು. ಹತ್ತನೆಯ ದಿನ ಬೆಳಿಗ್ಗೆ ಲಿಟಲ್ ಆರ್ಲೀನ್ಸ್ ಬಿಟ್ಟೆವು. ಅಂದಿನ ಗುರಿ ಹದಿನೈದು ಮೈಲಿ ದೂರದ ಪಾಪಾ. ಅದು ನಮ್ಮ ಪಪ್ಪಾಯವಲ್ಲ. ಸೀತಾಫಲದ ಬಳಗಕ್ಕೆ ಸೇರಿದ ಕಾಡುಹಣ್ಣು. ಬಿದ್ದಿದ್ದ ಒಂದನ್ನು ರುಚಿ ನೋಡಿದೆವು. ಬಾಳೆ, ಮಾವು ಎರಡರ ನೆನಪೂ ಬಂದಿತು.

ಮಧ್ಯಾಹ್ನ ದಾಟಿದ ಮೇಲೆ ಲಾಕ್‌ಗಳು ಎದುರಾದವು. ಇವು ಕಲ್ಲಿನ ತೊಟ್ಟಿಗಳು. ದೋಣಿಯನ್ನು ಒಳಗೆ ಬಿಟ್ಟು, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲಿನ ಮಟ್ಟಕ್ಕೆ ಏರಿಸುತ್ತಿದ್ದರು. ಇಲ್ಲಿ ಅವುಗಳ ಸಂಖ್ಯೆ 63⅓, 64⅔, ಆಮೇಲೆ 66! ಖರ್ಚು ಉಳಿಸಲು ಒಂದನ್ನು ಕೈಬಿಟ್ಟು, ಲೆಕ್ಕವನ್ನು ಭಿನ್ನರಾಶಿಯಲ್ಲಿ ಸರಿದೂಗಿಸಿದ್ದರು. ನಮ್ಮ ಇಂಜಿನಿಯರ್ ಮಿತ್ರರು ಇದನ್ನು ಕಂಡು ಬಹಳ ನಕ್ಕರು. ಊಟವನ್ನು ಸುರಂಗದ ಆಚೆ ಮಾಡೋಣವೆಂದು ತೀರ್ಮಾನಿಸಿದವರು ನಾವೇ.

ನದಿಯ ಆರು ಮೈಲಿ ಸುತ್ತನ್ನು ತಪ್ಪಿಸಲು ಬೆಟ್ಟ ಕೊರೆದು ಮಾಡಿದ ಪಾಪಾ ಸುರಂಗದ ಉದ್ದ 3,118 ಅಡಿ. ಎರಡು ವರ್ಷದ ಕೆಲಸವೆಂದು 1836ರಲ್ಲಿ ತೊಡಗಿದ್ದು ಮುಗಿಯಲು ಹದಿನಾಲ್ಕು ವರ್ಷ ಹಿಡಿಯಿತು. ಒಳಗೆ ಕಗ್ಗತ್ತಲೆ, ಇಟ್ಟಿಗೆಯ ಕಮಾನಿನಿಂದ ತೊಟ್ಟಿಕ್ಕುವ ನೀರು, ಚಳಿ. ನಡುವೆ ಇಂಜಿನಿಯರ್ ಮಿತ್ರರು ಕಟಾಂಜನ ಹಿಡಿದು ನಿಂತರು. "ಏನಾಯಿತು?" ಎಂದರೆ, "ಏನೂ ಇಲ್ಲ ಡಾಕ್ಟ್ರೇ, ಕತ್ತಲೆಗೆ ಹೀಗೆ" ಎಂದರು. ಕತ್ತಲೆಯ ಗಾಬರಿಯೆಂದು ನಾವಿಬ್ಬರು ವೈದ್ಯರೂ ನಂಬಿದೆವು. ಟಾರ್ಚನ್ನು ಅವರ ಮುಖಕ್ಕೆ ಹಿಡಿದವರು ನಮ್ಮ ಶ್ರೀಮತಿ. ಅಷ್ಟು ಚಳಿಯಲ್ಲೂ ಹಣೆ ಬೆವರಿನಿಂದ ತೊಯ್ದಿತ್ತು; ಮಾತು ತೊದಲುತ್ತಿತ್ತು.

ಅವರು ಮಧುಮೇಹಿಗಳು. ಬೆಳಿಗ್ಗೆ ಎಂದಿನಷ್ಟೇ ಇನ್ಸುಲಿನ್ ತೆಗೆದುಕೊಂಡಿದ್ದರು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ರಕ್ತದ ಸಕ್ಕರೆ 48ಕ್ಕೆ ಇಳಿದಿತ್ತು. ಪ್ರಜ್ಞೆಯಿತ್ತು, ನುಂಗಬಲ್ಲವರಾಗಿದ್ದರು, ಚೀಲದಲ್ಲಿದ್ದ ಬೆಲ್ಲ ತಿನ್ನಿಸಿ ನೀರು ಕುಡಿಸಿದೆವು. ಕಾಲು ಗಂಟೆಯ ಬಳಿಕ ಮತ್ತೆ ಪರೀಕ್ಷಿಸಿ, ಇನ್ನಷ್ಟು ಕೊಟ್ಟೆವು. ಸುರಂಗದ ಆಚೆ ಬೆಳಕಿನಲ್ಲಿ ಕುಳಿತು ಊಟ ಮಾಡುವಾಗ ಯಾರಿಗೂ ಮಾತು ಬೇಕಿರಲಿಲ್ಲ.

ಅಲ್ಲಿ ನಮಗೆ ಈ ಕಾಲುವೆ ತೋಡಿದವರ ನೆನಪಾಯಿತು. 1832ರಲ್ಲಿ ಕೆಳಭಾಗದ ಕೆಲಸದ ಬಿಡಾರಗಳಿಗೆ ಕಾಲರಾ ಹೊಕ್ಕಿತು. ಬಹುಪಾಲು ಐರಿಷ್ ವಲಸಿಗರಾಗಿದ್ದ ಕೂಲಿಕಾರರು ಸತ್ತರು, ಉಳಿದವರು ಓಡಿದರು. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಡಾ. ಥಾಮಸ್ ಲಾಟಾ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹಾಯಿಸಿ ಕೆಲವರನ್ನು ಬದುಕಿಸಿದ್ದರು. ಆ ವಿದ್ಯೆ ಬಹುಕಾಲ ಮೂಲೆಗೆ ಬಿದ್ದಿತು. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಸಕ್ಕರೆ-ಉಪ್ಪಿನ ನೀರು ಕುಡಿಸಿ ಅಸಂಖ್ಯ ಜೀವ ಉಳಿಸಿದರು.

ನಡೆಯಿರಿ ಎಂದು ನಾವು ರೋಗಿಗಳಿಗೆ ದಿನವೂ ಹೇಳುತ್ತೇವೆ, ಈಗಲೂ ಹೇಳುತ್ತೇವೆ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ದೀರ್ಘ ನಡಿಗೆಗೆ ಮುನ್ನ ತಮ್ಮ ವೈದ್ಯರೊಡನೆ ಪ್ರಮಾಣವನ್ನು ಚರ್ಚಿಸಬೇಕು. ಊಟ ಮುಂದೂಡಬಾರದು. ನಡಿಗೆಯ ಪರಿಣಾಮ ರಾತ್ರಿಯಲ್ಲೂ ಮುಂದುವರಿಯಬಹುದೆಂಬುದನ್ನು ಮರೆಯಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಬೇಕು. ಎಲ್ಲಕ್ಕಿಂತ ಮೊದಲು, ಜೊತೆಯಲ್ಲಿ ನಡೆಯುವವರಿಗೆ ತಮ್ಮ ಕಾಯಿಲೆಯನ್ನು ತಿಳಿಸಿರಬೇಕು. ನಾವು ನಾಲ್ವರೂ ಮೂರು ದಿನಗಳ ಬಳಿಕ ಕಂಬರ್‌ಲ್ಯಾಂಡ್ ತಲುಪಿದೆವು. ಬೆಲ್ಲದ ಡಬ್ಬಿ ಈಗ ಆ ಮಿತ್ರರ ಚೀಲದಲ್ಲಿಯೇ ಇರುತ್ತದೆ.