ಇಲಿಯ ಉಸಿರು, ನಮ್ಮ ಉಬ್ಬಸ



ಕನ್ನಡ ಪಾಠ ಹೇಳಿ ನಿವೃತ್ತನಾದವನು ಶ್ವಾಸಕೋಶದ ವಿಚಾರವಾಗಿ ಮಾತನಾಡಲು ಕುಳಿತಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನನಗಿರುವ ಅಧಿಕಾರ ಇಷ್ಟೆ: ಮೂವತ್ತು ವರ್ಷಗಳಿಂದ ನಾನು ಉಬ್ಬಸದ ರೋಗಿ. ಹಳೆಯ ಗ್ರಂಥಗಳ ಧೂಳು ನನ್ನ ಸಹೋದ್ಯೋಗಿಗಳಿಗೆ ಒಂದು ಸೀನು. ನನಗೆ ರಾತ್ರಿಯೆಲ್ಲ ಗೂರಲು. ಧೂಳು ಒಂದೇ ಆಗಿರುವಾಗ ಈ ಭೇದವೇಕೆ? ಉತ್ತರವನ್ನು ಅರಸಿ ಹೊರಟರೆ ದಾರಿ ಪ್ರಯೋಗಶಾಲೆಯ ಪಂಜರಗಳ ಮುಂದೆ ಬಂದು ನಿಲ್ಲುತ್ತದೆ.

1910ರಲ್ಲಿ ಅಮೆರಿಕದ ಆಯರ್ ಮತ್ತು ಲೂಯಿಸ್ ಎಂಬವರು, ಪರಕೀಯ ಪ್ರೋಟೀನನ್ನು ಒಮ್ಮೆ ಚುಚ್ಚಿಸಿಕೊಂಡಿದ್ದ ಗಿನಿಹಂದಿಗೆ ಕೆಲಕಾಲದ ತರುವಾಯ ಅದನ್ನೇ ಮತ್ತೆ ಚುಚ್ಚಿದಾಗ ಅದು ಉಸಿರುಗಟ್ಟಿ ಸಾಯುವ ಬಗೆಯನ್ನು ಪರೀಕ್ಷಿಸಿದರು. ಸತ್ತ ಪ್ರಾಣಿಯ ಶ್ವಾಸಕೋಶ ಕುಗ್ಗದೆ ಉಬ್ಬಿಯೇ ಇತ್ತು. ನಾಳದ ಸ್ನಾಯುಗಳು ಬಿಗಿದು, ಒಳಹೊಕ್ಕ ಗಾಳಿ ಸೆರೆಯಾಗಿತ್ತು. ‘ಉಬ್ಬಸ’ವೆಂಬ ನಮ್ಮ ಮಾತಿನಲ್ಲಿಯೇ ಈ ಉಬ್ಬು ಕೇಳಿಸುವಂತಿದೆ, ನಿರುಕ್ತದ ಸಾಧುತ್ವವನ್ನು ನಿಘಂಟುಕಾರರಿಗೆ ಬಿಡುತ್ತೇನೆ.

ಸ್ನಾಯುವಿನ ಬಿಗಿತ ರೋಗದ ಅರ್ಧಭಾಗ ಮಾತ್ರ. ಉಳಿದರ್ಧ ಉರಿಯೂತ. ಅದನ್ನು ಅರಿಯಲು ವಿಜ್ಞಾನಿಗಳು ಹೆಚ್ಚಾಗಿ ನೆಚ್ಚಿದ್ದು ಚಿಟ್ಟಿಲಿಯನ್ನು. ಇಲಿಗೆ ಉಬ್ಬಸ ತಾನಾಗಿ ಬರುವುದಿಲ್ಲ, ಬರಿಸಬೇಕು. ಕೋಳಿಮೊಟ್ಟೆಯ ಬಿಳಿಯಲ್ಲಿರುವ ಓವಾಲ್ಬುಮಿನ್ ಎಂಬ ಪ್ರೋಟೀನನ್ನು ಅಲ್ಯೂಮಿನಿಯಂನ ಒಂದು ಸಂಯುಕ್ತದೊಡನೆ ಬೆರೆಸಿ ಅದರ ಹೊಟ್ಟೆಗೆ ಚುಚ್ಚುತ್ತಾರೆ. ಕೆಲವು ವಾರಗಳಾದ ಮೇಲೆ ಅದೇ ಪ್ರೋಟೀನನ್ನು ಮಂಜಿನಂತೆ ಮಾಡಿ ಉಸಿರಾಡಿಸುತ್ತಾರೆ. ಆಗ ರಕ್ಷಣಾವ್ಯವಸ್ಥೆಯ ಟಿ-ಜೀವಕೋಶಗಳು ಇಂಟರ್‌ಲ್ಯೂಕಿನ್ ಎಂಬ ಸಂದೇಶದ್ರವ್ಯಗಳನ್ನು ಸುರಿಸುತ್ತವೆ. ನಾಲ್ಕನೆಯದು ಐಜಿಇ ಎಂಬ ಪ್ರತಿಕಾಯವನ್ನು ಹುಟ್ಟಿಸುತ್ತದೆ, ಐದನೆಯದು ಇಯೋಸಿನೋಫಿಲ್ ಎಂಬ ಬಿಳಿಯ ರಕ್ತಕಣಗಳನ್ನು ಕರೆತರುತ್ತದೆ, ಹದಿಮೂರನೆಯದು ನಾಳದಲ್ಲಿ ಲೋಳೆ ತುಂಬಿಸುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಚುಚ್ಚದೆ, ಶುದ್ಧವಾದ ಆ ಪ್ರೋಟೀನನ್ನಷ್ಟೇ ಉಸಿರಾಡಿಸಿದರೆ ಇಲಿ ಸಾಮಾನ್ಯವಾಗಿ ಸಿಡಿಮಿಡಿಗೊಳ್ಳುವುದಿಲ್ಲ. ಅದನ್ನು ಸಹಿಸಲು ಕಲಿಯುತ್ತದೆ. ಆದರೆ ಬ್ಯಾಕ್ಟೀರಿಯಾದ ಹೊದಿಕೆಯ ವಿಷಾಂಶವೊಂದು ಅತ್ಯಲ್ಪವಾಗಿ ಬೆರೆತರೆ ಅಲರ್ಜಿ ಹುಟ್ಟುತ್ತದೆಂದು 2002ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಆ ಅಂಶ ಹೆಚ್ಚಾದರೆ ಪ್ರತಿಕ್ರಿಯೆಯ ಜಾತಿಯೇ ಬೇರೆ. ಡೀಸೆಲ್ ಹೊಗೆಯ ಕಣಗಳೂ ಇಲಿಗಳಲ್ಲಿ ಇಂಥದೇ ಚಾಡಿಕೋರ ಕೆಲಸ ಮಾಡುತ್ತವೆ. ಮನೆಯ ಧೂಳಿನ ನುಸಿಗಂತೂ ಮಧ್ಯವರ್ತಿಯೇ ಬೇಡ. ಅದರ ಹಿಕ್ಕೆಯಲ್ಲಿರುವ ಕಿಣ್ವ ನಾಳದ ಒಳಪದರದ ಜೀವಕೋಶಗಳ ಬೆಸುಗೆಯನ್ನು ಕತ್ತರಿಸಿ ಒಳನುಗ್ಗುತ್ತದೆ. ಗಾಯಗೊಂಡ ಪದರವೇ ಅಪಾಯದ ಸುದ್ದಿಯನ್ನು ಹಬ್ಬಿಸುತ್ತದೆ. ನನ್ನ ಪುಸ್ತಕಗಳ ಧೂಳನ್ನು ಅಂದಿನಿಂದ ನಾನು ಜಡವಸ್ತುವೆಂದು ಭಾವಿಸಿಲ್ಲ.

ಅಲಂಕಾರಶಾಸ್ತ್ರ ಬೋಧಿಸಿದವನಿಗೆ ಇಲ್ಲೊಂದು ಮಾತು ತೋರುತ್ತದೆ. ರೋಗಿಗೆ ಇಲಿ ಉಪಮಾನ. ಅದನ್ನು ರೂಪಕ ಮಾಡಿ ‘ಇಲಿಯೇ ರೋಗಿ’ ಎಂದರೆ ತೊಂದರೆ. 1996ರಲ್ಲಿ, ಇಂಟರ್‌ಲ್ಯೂಕಿನ್-5 ಇಲ್ಲದಂತೆ ಮಾಡಿದ ಇಲಿಗಳ ಶ್ವಾಸನಾಳಕ್ಕೆ ಇಯೋಸಿನೋಫಿಲ್‌ಗಳು ನುಗ್ಗಲಿಲ್ಲ, ನಾಳ ಅತಿಯಾಗಿ ಬಿಗಿಯಲೂ ಇಲ್ಲ. ಮದ್ದು ಸಿಕ್ಕಿತೆಂದು ಹಿಗ್ಗಿದರು. 2000ರಲ್ಲಿ ಪ್ರಕಟವಾದ ಮಾನವಪರೀಕ್ಷೆಯಲ್ಲಿ, ಅದನ್ನು ತಡೆಯುವ ಔಷಧದಿಂದ ಕಣಗಳೇನೋ ತಗ್ಗಿದವು. ಅಲರ್ಜಿವಸ್ತುವನ್ನು ಉಸಿರಾಡಿದಾಗಿನ ಬಿಗಿತ ತಗ್ಗಲಿಲ್ಲ. ಆ ಕಣಗಳು ನಿಜವಾಗಿಯೂ ಹೆಚ್ಚಿರುವ ತೀವ್ರರೋಗಿಗಳನ್ನು ಆರಿಸಿಕೊಂಡಾಗ ಮಾತ್ರ, 2009ರ ಪರೀಕ್ಷೆಗಳಲ್ಲಿ, ರೋಗದ ಮರುಕಳಿಕೆ ಕಡಿಮೆಯಾಯಿತು. ಮೆಪೊಲಿಜುಮಾಬ್ ಎಂಬ ಆ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2015ರಲ್ಲಿ. ಉಪಮೆ ಸುಳ್ಳಾಗಿರಲಿಲ್ಲ, ಸಾಧಾರಣಧರ್ಮ ಯಾವುದೆಂದು ತಿಳಿಯಲು ಇಷ್ಟು ಕಾಲ ಹಿಡಿಯಿತು.

ಇಷ್ಟಕ್ಕೆ ಎಷ್ಟು ಮೂಕಪ್ರಾಣಿಗಳು ಏದುಸಿರು ಬಿಟ್ಟವೋ! ಅವುಗಳ ಋಣದಲ್ಲಿ ನಾನು ಉಸಿರಾಡುತ್ತಿದ್ದೇನೆಂಬುದು ನನಗೆ ಸುಖಕರವಾದ ಯೋಚನೆಯಲ್ಲ. ಆದರೂ ಔಷಧವನ್ನು ನಾನು ಬಿಟ್ಟಿಲ್ಲ.

ಯಾರೂ ಚುಚ್ಚದೆಯೇ ಇಂಥ ಕಾಯಿಲೆಗೆ ಬೀಳುವ ಪ್ರಾಣಿ ಕುದುರೆ. ಲಾಯದಲ್ಲಿ ಬೂಷ್ಟು ಹಿಡಿದ ಒಣಹುಲ್ಲಿನ ಧೂಳು ಕುಡಿದು ಅದು ಏದುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್, ಸ್ವತಃ ಉಬ್ಬಸದ ರೋಗಿ, 1698ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ದಮ್ಮು ಕೆಟ್ಟ ಹೆಣ್ಣುಕುದುರೆಯೊಂದರ ಶ್ವಾಸಕೋಶವನ್ನು ವರ್ಣಿಸಿದ್ದಾನೆ. ಇಂಥ ಕುದುರೆಗೆ ಪಶುವೈದ್ಯರು ಇಂದಿಗೂ ಮೊದಲು ಹೇಳುವುದು ಔಷಧವನ್ನಲ್ಲ: ಹುಲ್ಲನ್ನು ನೆನೆಸಿ ಹಾಕಿ, ಲಾಯದಿಂದ ಬಿಡಿಸಿ ಬಯಲಿಗೆ ಬಿಡಿ ಎಂದು.