ಸಿವೆಲ್ ಸಾಹೇಬರು ಕಂಡ ವಿಜಯನಗರ



ಕೃಷ್ಣದೇವರಾಯನು ಕನ್ನಡಿಗನೋ ತೆಲುಗನೋ ಎಂಬ ವ್ಯಾಜ್ಯವು ಈಚೆಗೆ ನಮ್ಮ ಮನೆಯಲ್ಲಿಯೇ ಹುಟ್ಟಿತು. ಶಾಲೆಯಿಂದ ಬಂದ ಮಗನು ‘ರಾಯರು ತೆಲುಗಿನವರಂತೆ’ ಎಂದನು. ಊರಿನಿಂದ ಬಂದಿದ್ದ ಅವನ ಅಜ್ಜಿ ಅಂದು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ನ್ಯಾಯ ಹೇಳಬೇಕಾದ ನಾವು ಹಳೆಯ ಪುಸ್ತಕವೊಂದನ್ನು ತೆರೆದೆವು.

ಅದು ಮದರಾಸು ಸಿವಿಲ್ ಸರ್ವೀಸಿನ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ‘ಎ ಫಾರ್ಗಾಟನ್ ಎಂಪೈರ್’. 1877ರಲ್ಲಿ ಅಮರಾವತಿಯ ಸ್ತೂಪವನ್ನು ಅಗೆಸಿದವರೂ ಇವರೇ. ವಿಜಯವಾಡದ ನಮ್ಮ ಮಿತ್ರರಿಗೆ ಇದು ಹತ್ತಿರದ ಸಂಗತಿ. ಪೋರ್ಚುಗೀಸರಾದ ಪಾಯಸ್, ನೂನಿಜ್ ಬರೆದಿಟ್ಟ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು ಅವರು ಮಾಡಿದ ಉಪಕಾರ ಸಣ್ಣದಲ್ಲ. ಪಾಯಸನ ಕಣ್ಣಿಗೆ ವಿಜಯನಗರವು ರೋಮಿನಷ್ಟು ದೊಡ್ಡದಾಗಿ ಕಂಡಿತ್ತೆಂಬುದನ್ನು ನಮ್ಮಲ್ಲಿ ಅನೇಕರು ಅರಿತದ್ದು ಈ ಪುಸ್ತಕದಿಂದಲೇ.

ಆದರೆ ಬ್ಯಾಂಕಿನ ಗುಮಾಸ್ತರಾದ ನಮಗೆ, ಪರರು ಬರೆದ ಲೆಕ್ಕವನ್ನು ತಾಳೆ ನೋಡದೆ ಸಹಿ ಹಾಕುವ ಅಭ್ಯಾಸವಿಲ್ಲ. ವಿಜಯನಗರವು ಮುಸಲ್ಮಾನರ ದಾಳಿಗೆ ಎದುರಾಗಿ ನಿಂತ ಹಿಂದೂ ಕೋಟೆ ಎಂದು ಸಿವೆಲರು ಕಂಡರು. ಅದೇ ರಾಜ್ಯದ ಎರಡನೆಯ ದೇವರಾಯನು ಮುಸಲ್ಮಾನ ಸವಾರರನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡನು. ಅಲ್ಲಿನ ಅರಸರು ‘ಹಿಂದೂರಾಯ ಸುರತ್ರಾಣ’ ಎಂದು ಕರೆಸಿಕೊಂಡರು, ಸುರತ್ರಾಣವೆಂದರೆ ಸುಲ್ತಾನ. 1565ರ ಯುದ್ಧವೊಂದರಿಂದಲೇ ಇನ್ನೂರು ವರ್ಷಗಳನ್ನು ಅಳೆಯುವುದು ಸರಿಯಲ್ಲವೆಂದು ನಮ್ಮ ಎಣಿಕೆ.

ರಾಜ್ಯವನ್ನು ಕಟ್ಟಿದ ಸಹೋದರರು ಕುರುಬ ಕುಲದವರು, ವಾರಂಗಲ್ಲಿನ ಬೊಕ್ಕಸದಲ್ಲಿದ್ದು 1323ರಲ್ಲಿ ಆನೆಗೊಂದಿಗೆ ಓಡಿಬಂದವರು ಎಂಬುದು ಸಿವೆಲರಿಗೆ ಒಪ್ಪಿಗೆಯಾದ ಕಥೆ. ಬೊಕ್ಕಸದ ನೌಕರರೆಂದೊಡನೆ ನಮಗೆ ಕೊಂಚ ಹೆಮ್ಮೆಯಾಯಿತು! ಇದನ್ನು ಒಪ್ಪದೆ ಹೊಯ್ಸಳ ಮೂಲವನ್ನು ಹಿಡಿದವರೂ ಉಂಟು. ವಿದ್ವಾಂಸರ ಆ ಜಗಳ ಬಹಳ ಕಾಲ ನಡೆಯಿತು.

ಅಜ್ಜಿಯನ್ನು ಸಮಾಧಾನಪಡಿಸಿದ್ದು ಸಿವೆಲರಲ್ಲ, ರಾಯನೇ. ಅವನು ತೆಲುಗಿನಲ್ಲಿ ಬರೆದ ‘ಆಮುಕ್ತಮಾಲ್ಯದ’ದಲ್ಲಿ ಕೃಷ್ಣಾ ತೀರದ ಶ್ರೀಕಾಕುಳದ ವಿಷ್ಣು ಕನಸಿನಲ್ಲಿ ಬಂದು, ತಾನು ತೆಲುಗು ರಾಯನೆಂದು ಹೇಳಿಕೊಳ್ಳುತ್ತಾನೆ; ಎದುರಿದ್ದವನನ್ನು ‘ಕನ್ನಡ ರಾಯ’ ಎಂದು ಕರೆಯುತ್ತಾನೆ. ಇದನ್ನು ಕೇಳಿ ಅಜ್ಜಿ ನಕ್ಕರು. ಮಗನು ಮಾತ್ರ, ‘ಆದರೂ ಬರೆದದ್ದು ತೆಲುಗಿನಲ್ಲಿ ತಾನೇ?’ ಎಂದನು. ಹೌದೆಂದೆವು.

1516ರಲ್ಲಿ ರಾಯನು ದಂಡಯಾತ್ರೆಯಲ್ಲಿ ಸಿಂಹಾಚಲಕ್ಕೆ ಬಂದು ಸ್ವಾಮಿಗೆ ಆಭರಣಗಳನ್ನೊಪ್ಪಿಸಿದನು. ಆ ಶಾಸನ ಅಲ್ಲಿಯೇ ಇದೆ. ಬರುವ ಭಾನುವಾರ ಮೂವರೂ ಹೋಗುವುದೆಂದು ನಿಶ್ಚಯಿಸಿದ್ದೇವೆ. ಮಕ್ಕಳೊಡನೆ ಬರುವವರು ಬೆಳಿಗ್ಗೆ 7 ಗಂಟೆಗೆ ದ್ವಾರಕಾ ಬಸ್ ನಿಲ್ದಾಣದಲ್ಲಿ ನಮ್ಮನ್ನು ಕೂಡಿಕೊಳ್ಳಬಹುದು.