ಸಾಲಲ್ಲಿ ನಿಂತಾಗ ಏನು ನೋಡ್ಬೇಕು?

ಪವಾಯಿಯ ಕನ್ನಡದ ಮನೆಗಳಲ್ಲಿ ಲಾಂಗ್ ವೀಕೆಂಡ್ ಬಂತು ಅಂದ್ರೆ ಸಾಮಾನ್ಯವಾಗಿ ಎರಡು ಪ್ಲಾನ್. ಒಂದು, ಮಕ್ಕಳನ್ನ ಖೋಪೋಲಿ ಹತ್ತಿರದ ಇಮ್ಯಾಜಿಕಾಗೆ ಕರ್ಕೊಂಡು ಹೋಗೋದು. ಇನ್ನೊಂದು, ಊರಿಗೆ ಹೋಗೋದು. ಈ ಎರಡರಲ್ಲೂ ನಮ್ಮ ಕಣ್ಣು ತಪ್ಪಿಹೋಗುವ ಕೆಲವು ಸಂಗತಿಗಳ ಬಗ್ಗೆ ಇವತ್ತು ಹೇಳ್ತೀನಿ.

ಮೊದಲು ಇಮ್ಯಾಜಿಕಾ. 2013ರಲ್ಲಿ ಶುರುವಾದ ಪಾರ್ಕ್. ಅಲ್ಲಿನ ನೈಟ್ರೋ ರೋಲರ್ ಕೋಸ್ಟರ್‌ಗೆ ಸಾಲು ಉದ್ದ, ಸವಾರಿ ಚಿಕ್ಕದು. ಹಾಗಾಗಿ ಸಾಲಲ್ಲೇ ನೋಡೋಕೆ ಕಲಿತವರಿಗೆ ಲಾಭ. ಇದು ಕಾಲು ಗಾಳಿಯಲ್ಲಿ ತೂಗುವ ಕೋಸ್ಟರ್. ಜನ ಹತ್ತುವಾಗ ಕಾಲ ಕೆಳಗೆ ನೆಲ ಇರುತ್ತೆ, ಗಾಡಿ ಹೊರಡೋ ಮುಂಚೆ ಆ ನೆಲವೇ ಸರಿದು ಜಾಗ ಬಿಡುತ್ತೆ. ಅದನ್ನ ಗಮನಿಸಿ.

ನನ್ನ ಮಗಳು ಏಳು ವರ್ಷದವಳು. "ಅಪ್ಪಾ, ಇದರ ಎಂಜಿನ್ ಎಲ್ಲಿದೆ?" ಅಂತ ಕೇಳಿದಳು. ಗಾಡಿಯಲ್ಲಿ ಎಂಜಿನ್ನೇ ಇಲ್ಲ. ಸರಪಳಿ ಒಂದ್ಸಲ ಮೇಲಕ್ಕೆ ಎಳೆಯುತ್ತೆ, ಮಿಕ್ಕಿದ್ದೆಲ್ಲ ಗುರುತ್ವ. ಅದಕ್ಕೇ ಮೊದಲ ಏರು ಎಲ್ಲಕ್ಕಿಂತ ಎತ್ತರ. ಏರುವಾಗ ಟಿಕ್-ಟಿಕ್ ಸದ್ದು ಬರುತ್ತಲ್ಲ, ಅದು ಕೊಂಡಿ ಹಲ್ಲಿಂದ ಹಲ್ಲಿಗೆ ಬೀಳೋ ಸದ್ದು. ಸರಪಳಿ ಕೈಕೊಟ್ಟರೂ ಗಾಡಿ ಹಿಂದಕ್ಕೆ ಜಾರಬಾರದು ಅಂತ. ಹೆದರಿಸೋ ಸದ್ದೇ ಕಾಯೋ ಸದ್ದು!

ಇನ್ನೊಂದು, ನಮ್ಮ ಕಸುಬಿನವರಿಗೆ. ಹಳಿಯನ್ನ ಬ್ಲಾಕ್‌ಗಳಾಗಿ ಹಂಚಿರ್ತಾರೆ. ಒಂದು ಬ್ಲಾಕ್‌ನಲ್ಲಿ ಒಂದೇ ಗಾಡಿ. ಮುಂದಿನದು ಖಾಲಿಯಾಗೋವರೆಗೂ ಹಿಂದಿನ ಗಾಡಿಗೆ ಬಿಡುಗಡೆ ಇಲ್ಲ. ನಾವು ಕೋಡಿನಲ್ಲಿ ಬರೆಯೋ ಮ್ಯೂಟೆಕ್ಸ್ ಲಾಕ್ ಇದೇ ಅಲ್ವಾ? ಇಲ್ಲಿ ಅದು ಕಬ್ಬಿಣದಲ್ಲಿದೆ.

ಈಗ ಎರಡನೇ ಪ್ಲಾನ್, ಊರು. ಪುಣೆ, ಕೊಲ್ಹಾಪುರ, ಬೆಳಗಾವಿ, ಧಾರವಾಡ ದಾಟಿ ಬರೋ ಹೆದ್ದಾರಿ ನಮಗೆಲ್ಲ ಗೊತ್ತು. ಆದರೆ ಬಹಳ ಜನ ಅದನ್ನ ಸ್ಲೀಪರ್ ಬಸ್ಸಿನ ಪರದೆ ಎಳೆದುಕೊಂಡೇ ದಾಟ್ತಾರೆ. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವಾಗ, ಶಿಗ್ಗಾವಿ ಹತ್ತಿರ ಗೊಟಗೋಡಿ ಅಂತ ಒಂದೂರು. ಅಲ್ಲಿದೆ ಉತ್ಸವ ರಾಕ್ ಗಾರ್ಡನ್. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆ. ಉತ್ತರ ಕರ್ನಾಟಕದ ದೊಡ್ಡಾಟಕ್ಕಾಗಿಯೂ ದುಡಿದ ಅವರು 2020ರಲ್ಲಿ ತೀರಿಕೊಂಡರು. ಸಾವಿರಕ್ಕೂ ಹೆಚ್ಚು ಶಿಲ್ಪಗಳಲ್ಲಿ ಒಂದಿಡೀ ಹಳ್ಳಿ ಕಟ್ಟಿದ್ದಾರೆ. ಬೇಸಾಯ, ಕಸುಬು, ದನ-ಕರು, ಕುರಿಗಾರರು, ಮನೆಗೆಲಸದ ಹೆಂಗಸರು, ಎಲ್ಲ ಮನುಷ್ಯರಷ್ಟೇ ಎತ್ತರಕ್ಕೆ.

ಬಂದವರು ಗೊಂಬೆ ಜೊತೆ ಸೆಲ್ಫಿ ತಗೊಂಡು ಮುಂದೆ ಹೋಗ್ತಾರೆ. ನೀವು ನಿಂತು ಕೈಗಳನ್ನ ನೋಡಿ. ಯಾವ ಕೆಲಸಕ್ಕೆ ಯಾವ ಹಿಡಿತ, ಬೆನ್ನು ಎಷ್ಟು ಬಾಗಿದೆ, ಸೆರಗು ಎಲ್ಲಿ ಸಿಕ್ಕಿಸಿದ್ದಾರೆ. ಆ ಕೆಲಸ ಮಾಡಿ ಗೊತ್ತಿದ್ದವರು ಮಾತ್ರ ಹೇಳಬಲ್ಲ ವಿವರಗಳು ಅವು.

ನಮ್ಮಂಥವರಿಗೆ ಇದು ಯಾಕೆ ಮುಖ್ಯ? ಮಗಳಿಗೆ ಅಜ್ಜಿಯ ಫೋನ್ ಮಾತು ಅರ್ಥವಾಗುತ್ತೆ, ಆದರೆ ಕುಲುಮೆ, ನೊಗ, ಮೇಟಿ ಅಂದಾಗ ಕಣ್ಣ ಮುಂದೆ ಏನೂ ಬರೋದಿಲ್ಲ. ಹದಿನಾಲ್ಕನೇ ಮಹಡಿಯ ಮನೆಯಲ್ಲಿ ಬರೋದಾದರೂ ಹೇಗೆ? ಪದ ಹೋಗೋದು ವ್ಯಾಕರಣ ಮರೆತು ಅಲ್ಲ, ತೋರಿಸೋಕೆ ವಸ್ತು ಇಲ್ಲದೆ. ಗೊಟಗೋಡಿಯಲ್ಲಿ ನಮ್ಮ ಅಮ್ಮನೇ ಗೈಡ್ ಆದರು. ಮುಂಬೈಗೆ ಬಂದರೆ ಲಿಫ್ಟ್ ಒತ್ತೋಕೂ ಹಿಂಜರಿಯೋ ಅಮ್ಮ, ಅಲ್ಲಿ ಎರಡು ಗಂಟೆ ನಿಲ್ಲಿಸದೆ ಮಾತಾಡಿದರು.

ಆದ್ದರಿಂದ ಒಂದು ಸಲಹೆ. ಮುಂದಿನ ಸಲ ಊರಿಗೆ ಹೋದಾಗ ಅರ್ಧ ದಿನ ಇದಕ್ಕಿಡಿ. ಹಿರಿಯರನ್ನ ಮುಂದೆ ಬಿಡಿ, ಮಕ್ಕಳಿಗೆ ಒಂದು ನೋಟ್‌ಬುಕ್ ಕೊಡಿ, ಹತ್ತು ಹೊಸ ಪದ ಬರೆಯೋಕೆ ಹೇಳಿ. ಮೊಬೈಲ್ ಜೇಬಲ್ಲಿರಲಿ. ನಿಮ್ಮೂರ ದಾರಿಯಲ್ಲಿ ಇಂಥ ಜಾಗ ಇದ್ದರೆ ನಮಗೂ ತಿಳಿಸಿ.